ಇನ್ಸ್‌ಪೆಕ್ಟರ್ ಪ್ರಳಯಕುಮಾರರ ಮಾನ್ವಿ ವರ್ಗಾವಣೆ

ಜಿಲ್ಲಾ ಕಡತ ಸಂರಕ್ಷಣಾ ಕಚೇರಿಯ ದೇವದುರ್ಗ ಶಾಖೆಗೆ ಮಂಜೂರಾದ ಹುದ್ದೆಗಳು ಐದು. ಅದರಲ್ಲಿ ಮೂರು ಖಾಲಿ ಇದ್ದು, ಸದರಿ ಖಾಲಿ ಹುದ್ದೆಗಳ ಮೇಲೆ ಇದುವರೆಗೆ ಒಂದೂ ದೂರು ಬಂದಿಲ್ಲವೆಂದು ವಾರ್ಷಿಕ ವರದಿ ಮೆಚ್ಚುಗೆ ವ್ಯಕ್ತಪಡಿಸಿದೆ. ದೂರು ಬರುವುದೆಲ್ಲ ಉಳಿದಿಬ್ಬರ ಮೇಲೆ: ಶಿರಸ್ತೇದಾರ ಗಡಿಗೆಪ್ಪನವರು ಮತ್ತು ಗುಮಾಸ್ತೆ ದಾನೇಶ್ವರಿ.

ದಾನೇಶ್ವರಿಯ ಮನೆ ಮಾನ್ವಿಯಲ್ಲಿ. ಮಗಳು ಏಳುವ ಮೊದಲು ಬಸ್ ಹತ್ತಬೇಕು, ಮಗಳು ಮಲಗಿದ ಮೇಲೆ ಬಸ್ ಇಳಿಯಬೇಕು. ಹೀಗಾಗಿ ಮೂರು ವರ್ಷದ ದುರ್ಗಾ ಅಜ್ಜಿ ಗೋಪಮ್ಮನನ್ನು ‘ಯವ್ವಾ’ ಎನ್ನುತ್ತಿದ್ದಳು. ಹೆತ್ತವಳು ಆಕೆಗೆ ಭಾನುವಾರ ಬರುವ ‘ಅಕ್ಕಾ’. ಮಾನ್ವಿ ಶಾಖೆಯಲ್ಲಿ ಒಂದು ಕುರ್ಚಿ ಖಾಲಿಯಾಯಿತೆಂದು ತಿಳಿದ ದಿನ ಹುಲಿಗೆಮ್ಮನಿಗೆ ಐದು ಕಾಯಿ ಒಡೆಸುವುದಾಗಿ ಹರಕೆ ಹೊತ್ತಳು.

ಆ ವಾರವೇ ರಾಯಚೂರಿನಿಂದ ಸುತ್ತೋಲೆ ಬಂತು. “ವರ್ಗಾವಣೆ ಬಯಸುವವರು ನಗರದಲ್ಲಿ ಹೊಸದಾಗಿ ತೆರೆದ ಎಸ್ಕೇಪ್ ರೂಮಿನಲ್ಲಿ ನಾಲ್ವರ ತಂಡವಾಗಿ ಬಂಧಿತರಾಗಿ, ಒಗಟು ಬಿಡಿಸಿ, ಒಂದು ಗಂಟೆಯೊಳಗೆ ಹೊರಬರತಕ್ಕದ್ದು. ಜನ ಕಡಿಮೆ ಬಿದ್ದಲ್ಲಿ ಆದರ್ಶ ವ್ಯಕ್ತಿಗಳ ಹೆಸರು ತುಂಬಿ ಸಂಖ್ಯೆ ಸರಿಪಡಿಸತಕ್ಕದ್ದು. ಸದರಿ ವ್ಯಕ್ತಿಗಳು ಖುದ್ದು ಇರಬೇಕೆಂಬ ಕಡ್ಡಾಯವಿಲ್ಲ.”

ಗಡಿಗೆಪ್ಪನವರು ಮೊಣಕಾಲು ನೋವಿನ ಕಾರಣ ತಮಗೆ ತಾವೇ ವಿನಾಯಿತಿ ಮಂಜೂರು ಮಾಡಿಕೊಂಡು, ಪೆನ್ನು ತೆಗೆದರು.

“ಆದರ್ಶ ಅಂದ್ರ ಸೀರಿಯಲ್ನವ್ರೇ ನೋಡವ್ವಾ. ಖರೇ ಮಂದಿಯೊಳಗ ಯಾರದಾರ? ಬರಕೋ, ಏಳೂವರಿ ಸೀರಿಯಲ್ಲಿನ ಇನ್ಸ್‌ಪೆಕ್ಟರ್ ಪ್ರಳಯಕುಮಾರ. ಕದ ಕಂಡ್ರ ಸಾಕು, ಭುಜ ಕೊಡ್ತಾನ. ಕೀಲಿ ಕೇಳಿದ್ದು ನಾ ನೋಡೇ ಇಲ್ಲ. ಎರಡನೇದು, ಎಂಟರ ಸೊಸಿ ಮೌನಶ್ರೀ.”

“ಆಕಿ ಬರೇ ಅಳ್ತಾಳಲ್ರೀ ಸರ.”

“ಅಳ್ತಾಳ, ಇಲ್ಲನ್ನಂಗಿಲ್ಲ. ಆದ್ರ ಆರ್ನೂರು ಕಂತು ಕದದ ಹಿಂದ ನಿಂತು ಎಲ್ಲಾರ ಮಾತು ಕೇಳ್ಯಾಳ. ಒಗಟಿನ ಉತ್ತರ ಆಕಿ ಕಿವಿಗೆ ಬೀಳದ ಇರ್ತದೇನು? ಮೂರನೇದು, ಪತ್ತೇದಾರ ಅಗೋಚರ.”

“ಇಂವ ಇನ್ನೂ ಒಂದು ಕೇಸೂ ಮುಗಿಸಿಲ್ರೀ.”

“ಅದಕ್ಕ ಸೀರಿಯಲ್ ನಡದದ. ಸರ್ಕಾರಕ್ಕ ಇಂಥಾವ್ರೇ ಬೇಕು.”

ಮೂವರ ಗುರುತಿನ ದಾಖಲೆಯಾಗಿ ಪತ್ರಿಕೆಯ ಟಿವಿ ಕಾರ್ಯಕ್ರಮಗಳ ಪಟ್ಟಿಯನ್ನು ಕತ್ತರಿಸಿ, ದೃಢೀಕರಿಸಿ ಲಗತ್ತಿಸಲಾಯಿತು.

ನಿಗದಿತ ದಿನ ದಾನೇಶ್ವರಿ ಒಬ್ಬಳೇ ರಾಯಚೂರಿನ ಆ ಕೋಣೆಗೆ ಹೋದಳು. ಉಳಿದವರೆಲ್ಲಿ ಎಂದು ಕೇಳಿದವನಿಗೆ “ದಾರಿಯಾಗ ಅದಾರ್ರೀ” ಎಂದಳು. ಆಕೆಯ ಹಿಂದೆ ಕದದ ಕೀಲಿ ಬಿತ್ತು. ಒಳಗೆ ಪ್ಲಾಸ್ಟಿಕ್ ಬುರುಡೆ, ಹರಿದ ನಕಾಶೆ, ಗೋಡೆ ತುಂಬಾ ಅಂಕಿಗಳು. ದಾನೇಶ್ವರಿ ಯಾವುದನ್ನೂ ಮುಟ್ಟಲಿಲ್ಲ. ದೇವದುರ್ಗದ ದಾಖಲೆ ಕೋಣೆಯ ಕೀಲಿಕೈ ಕಳೆದು ಹನ್ನೊಂದು ವರ್ಷವಾಗಿತ್ತು. ಹೊಸದಕ್ಕೆ ಬರೆದ ಪತ್ರ ಅದೇ ಕೋಣೆಯೊಳಗಿತ್ತು. ದಿನಾ ಆ ಬೀಗವನ್ನು ತಲೆಪಿನ್ನಿನಿಂದ ತೆರೆಯುತ್ತಿದ್ದವಳು ಇದನ್ನೂ ಹಾಗೆಯೇ ತೆರೆದು ಒಂಬತ್ತು ನಿಮಿಷಕ್ಕೆ ಹೊರಗೆ ಬಂದಳು.

ಮೌಲ್ಯಮಾಪನ ಸಮಿತಿ ನ್ಯಾಯವಾಗಿಯೇ ವಿಚಾರ ಮಾಡಿತು. ಕೀಲಿಕೈ ಇಲ್ಲದೆ ಬೀಗ ತೆಗೆಯುವುದು ಸಾರ್ವಜನಿಕರಿಗೆ ಅಪರಾಧ. ಆದ್ದರಿಂದ ತೆಗೆದವರು ಇನ್ಸ್‌ಪೆಕ್ಟರೇ ಇರಬೇಕೆಂದು ಭಾವಿಸಿ ಪ್ರಳಯಕುಮಾರರಿಗೆ ಅರವತ್ತು ಅಂಕ ಕೊಟ್ಟಿತು. ಎಲ್ಲೂ ಅಡ್ಡ ಬಾರದ ಅಗೋಚರರಿಗೆ ಇಪ್ಪತ್ತು. ಕೋಣೆಯಲ್ಲಿ ಕಣ್ಣೀರು ಹಾಕದ ಮೌನಶ್ರೀಗೆ ಹದಿನೈದು. ದಾನೇಶ್ವರಿಗೆ ಹಾಜರಿಯ ಐದು.

ಕೌನ್ಸೆಲಿಂಗ್‌ನಲ್ಲಿ ಪ್ರಳಯಕುಮಾರರ ಹೆಸರನ್ನು ಮೂರು ಸಲ ಕೂಗಲಾಯಿತು. ಅವರು ಆಕ್ಷೇಪಣೆ ಎತ್ತದ ಕಾರಣ ಮಾನ್ವಿಯ ಕುರ್ಚಿ ಅವರಿಗೆ ಹೋಯಿತು. ಮಾನ್ವಿಯವರು ಹಾರ ತಂದು ಕುರ್ಚಿಗೇ ಹಾಕಿದರು. ತಿಂಗಳಾದರೂ ಸಾಹೇಬರು ಬರಲಿಲ್ಲ. ಏಳೂವರೆಗೆ ಮಾತ್ರ ತಪ್ಪದೆ ಬರುತ್ತಿದ್ದರು, ಬೇರೆ ಕೆಲಸದ ಮೇಲೆ.

“ಅವರು ಬರೂತನಕ ಪ್ರಭಾರ ನನಗರೆ ಕೊಡ್ರೀ ಸರ” ಎಂದಳು ದಾನೇಶ್ವರಿ.

ಗಡಿಗೆಪ್ಪನವರು ನಿಯಮ ತೆಗೆದು ಓದಿದರು. “ಪ್ರಭಾರ ಸಮಾನ ವರ್ಗದವ್ರಿಗೇ ಅಂತದ. ಅವರು ಕಲ್ಪಿತ ವರ್ಗ. ನೀನು ಖರೇವಾಕಿ. ನಾನೇನು ಮಾಡ್ಲೆವ್ವಾ?”

ಆ ಭಾನುವಾರ ದುರ್ಗಾ ಟಿವಿ ಮುಂದೆ ಕುಳಿತು, ತಿರುಗಿ ನೋಡದೆ ಅಂದಳು: “ಅಕ್ಕಾ, ನೀನೂ ಟಿವ್ಯಾಗ ಬಾ. ಆಗ ದಿನಾ ಕಾಣ್ತಿ.”

ದಾನೇಶ್ವರಿಗೆ ಅದು ನಿಯಮಬದ್ಧ ಸಲಹೆ ಎನಿಸಿತು. ಮರುದಿನವೇ ತನ್ನನ್ನು ಕಲ್ಪಿತ ವರ್ಗಕ್ಕೆ ಸೇರಿಸಬೇಕೆಂದು ಅರ್ಜಿ ಹಾಕಿದಳು.

ಸ್ಥಳ ತನಿಖೆಗೆ ರಾಯಚೂರಿನಿಂದ ತಪಾಸಣಾಧಿಕಾರಿ ಅಬ್ದುಲ್ ವಹೀದ್ ಸಾಹೇಬರು ಒಂದು ಸಂಜೆ ಮಾನ್ವಿಯ ಮನೆಗೆ ಬಂದರು. ದಾನೇಶ್ವರಿ ಇನ್ನೂ ಬಸ್ಸಿನಲ್ಲಿದ್ದಳು.

“ದಾನೇಶ್ವರಿ ಅಂಬೋರು ಇಲ್ಲಿ ಇರ್ತಾರೇನ್ರೀ?”

“ಇರ್ತಾಳ ಅಂತಾರ್ರೀ ಯಪ್ಪಾ” ಎಂದಳು ಗೋಪಮ್ಮ. “ನಾವು ಕಂಡಿದ್ದು ಕಡಿಮಿ.”

ಸಾಹೇಬರು ದುರ್ಗಾಳ ಮುಂದೆ ಕುಕ್ಕರಗಾಲಲ್ಲಿ ಕುಂತರು. “ನಿಮ್ಮವ್ವ ಎಲ್ಲದಾಳ, ಬೇಟಾ?”

ಮಗು ಗೋಪಮ್ಮನನ್ನು ತೋರಿಸಿತು.

“ಮತ್ತ ದಾನೇಶ್ವರಿ?”

“ಅಕ್ಕಾ. ಐತವಾರ ಬರ್ತಾಳ.”

ಸಾಹೇಬರು ಪಂಚನಾಮೆಯಲ್ಲಿ ಬರೆದರು: “ಅರ್ಜಿದಾರರು ವಾರಕ್ಕೊಮ್ಮೆ ಪ್ರಸಾರವಾಗುತ್ತಾರೆ. ಕಲ್ಪಿತರೆಂದು ದೃಢಪಟ್ಟಿದೆ.” ಸಾಕ್ಷಿಯಾಗಿ ದುರ್ಗಾಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆಕೆಯನ್ನು ಕಲ್ಪಿತ ವರ್ಗಕ್ಕೆ ಸೇರಿಸಿ ಮಾನ್ವಿಯ ಪ್ರಭಾರ ಕೊಟ್ಟ ಆದೇಶದ ಜೊತೆ ಬಂದ ಆ ಪಂಚನಾಮೆಯನ್ನು ದಾನೇಶ್ವರಿ ಬಸ್ಸಿನಲ್ಲಿ ಓದಿದಳು. ಪುಟಾಣಿ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು, ಸ್ಟ್ಯಾಂಡು ಬರುವ ತನಕ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು “ಒಪ್ಪಿದೆ” ಎಂದು ಸಹಿ ಹಾಕಿದಳು. ಕಲ್ಪಿತರ ಸಹಿ ಸಿಂಧುವಲ್ಲವೆಂದು ಗಡಿಗೆಪ್ಪನವರು ಅದನ್ನು ಹೊಡೆದುಹಾಕಿದರು.

ಈಗ ಆಕೆ ಮಾನ್ವಿಯ ಆ ಕುರ್ಚಿಯಲ್ಲಿ ಕೂಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಐದೂವರೆಗೆ ಮನೆ ಸೇರುತ್ತಾಳೆ. ಮೂರನೇ ವಾರ ದುರ್ಗಾ ಆಕೆಯ ಸೆರಗು ಹಿಡಿದು, ತುಸು ಅನುಮಾನದಿಂದಲೇ, ‘ಯವ್ವಾ’ ಅಂದಳು. ಹುಲಿಗೆಮ್ಮನ ಕಾಯಿ ಒಡೆಸಿಯಾಯಿತು.

ಮೊನ್ನೆ ಕಲ್ಲೂರಿನ ಮುದುಕನೊಬ್ಬ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತು, ದಾನೇಶ್ವರಿಯನ್ನೂ ಆಕೆಯ ಹೆಸರಿಲ್ಲದ ಗೋಡೆಯ ಮೇಲಿನ ಸಿಬ್ಬಂದಿ ಪಟ್ಟಿಯನ್ನೂ ನೋಡಿದ.

“ಇಲ್ಲಿ ಯಾರೂ ಇಲ್ಲೇನ್ರೀ?”

“ಯಾರೂ ಇಲ್ರೀ ಯಪ್ಪಾ” ಎಂದಳು ದಾನೇಶ್ವರಿ. “ಬರ್ರಿ, ಕುಂದರ್ರಿ. ಏನು ಕೆಲಸ ಆಗಬೇಕಿತ್ತು?”