ಅಸಿಟೋನೂ ನನ್ನ ಪುಕ್ಕಲುತನವೂ

ಧೈರ್ಯವಂತರಿಗೆ ಲ್ಯಾಬಿನಲ್ಲಿ ಏನೂ ಆಗುವುದಿಲ್ಲ. ಆಗುವುದೆಲ್ಲ ನನ್ನಂಥ ಪುಕ್ಕಲರಿಗೇ, ಅದೂ ಬಿಟ್ಟೂ ಬಿಡದೆ. ಕೊಯಮತ್ತೂರಿನ ಹೊರಗೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಿಲಿಕಾನ್ ತುಂಡುಗಳನ್ನು ತೊಳೆಯುವುದು ನನ್ನ ಕೆಲಸ. ಉಗುರಿನಷ್ಟಗಲ, ಕನ್ನಡಿಯಂಥ ಹೊಳಪು. ಮೊದಲು ಅಸಿಟೋನ್, ಆಮೇಲೆ ಆಲ್ಕೋಹಾಲ್, ಕೊನೆಗೆ ಶುದ್ಧ ನೀರು, ನೈಟ್ರೋಜನ್ ಗಾಳಿ ಊದಿ ಒಣಗಿಸಿದರೆ ಮುಗಿಯಿತು. ಕೇಳಲು ಸುಲಭ. ಆದರೆ ಅಸಿಟೋನ್ ಹತ್ತಿಕೊಳ್ಳಲು ಕಾಯುತ್ತಿರುತ್ತದೆ, ತುಂಡು ಬೀಳಲು ಕಾಯುತ್ತಿರುತ್ತದೆ, ನಮ್ಮ ಸರ್ ಬೈಯಲು ಕಾಯುತ್ತಿರುತ್ತಾರೆ.

೧. ಕರಗಿದ್ದು ಯಾವುದು?

ಆಗಿನ್ನೂ ಕೆಲಸಕ್ಕೆ ಹೊಸಬಳು. ಗಾಜಿನ ತಟ್ಟೆ ತೊಗೋ ಎಂದು ಸರ್ ಹೇಳಿದ್ದು ಹೆದರಿಕೆಯಲ್ಲಿ ನನ್ನ ಕಿವಿಗೇ ಹೋಗಿರಲಿಲ್ಲ. ತುಂಡನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು ಅಸಿಟೋನ್ ಸುರಿದೆ. ನೋಡನೋಡುತ್ತಿದ್ದಂತೆ ಒಳಗೆಲ್ಲ ಮಂಕಾಗಿ, ಅಂಟಂಟಾಗಿ, ತುಂಡೇ ಕಾಣದಾಯಿತು. ಸಿಲಿಕಾನನ್ನೇ ಕರಗಿಸಿಬಿಟ್ಟೆನೆಂದು ಅಳುತ್ತಾ ಸರ್ ಹತ್ತಿರ ಓಡಿದೆ. (ಸರ್ ಮಾತಾಡುವುದು ತಮಿಳು. ಕನ್ನಡದಲ್ಲಿ ಹೇಳುವಾಗ ಬೈಗುಳದ ಖಾರ ತುಸು ಕಡಿಮೆಯಾಗಿರಬಹುದು, ಕ್ಷಮಿಸಿ.)

“ಸಿಲಿಕಾನ್ ಕರಗಲ್ಲಮ್ಮ, ಕರಗಿದ್ದು ತಟ್ಟೆ” ಎಂದು ಸರ್ ಬಂದು ಚಿಮುಟದಲ್ಲಿ ತುಂಡನ್ನು ಮೇಲೆತ್ತಿದರು. ಹೋದ ಜೀವ ಬಂದಂತಾಗಿ ನನಗೆ ಇನ್ನೂ ಜೋರಾಗಿ ಅಳು ಬಂತು. ಸರ್ ಗಾಬರಿಯಿಂದ ತುಂಡಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದರು.

“ಅಳೋದಾದ್ರೆ ಆಚೆ ಹೋಗಿ ಅಳು! ಕಣ್ಣೀರಲ್ಲಿ ಉಪ್ಪಿದೆ, ಅದು ಬಿದ್ರೆ ತುಂಡು ನಿಜವಾಗ್ಲೂ ಹಾಳು!”

೨. ಒಲೆಯಿಂದ ದೂರ

ನಮ್ಮ ಮನೆ ಸೋಮನೂರಿನಲ್ಲಿ, ಪವರ್‌ಲೂಮ್ ಶೆಡ್ಡಿಗೆ ಅಂಟಿಕೊಂಡೇ ಇದೆ. ಮನೆಮಾತು ಅರ್ಧ ತಮಿಳು ಬೆರೆತ ಕನ್ನಡ. ಅಸಿಟೋನ್ ಸಣ್ಣ ಕಿಡಿಗೂ ಭಗ್ಗೆನ್ನುತ್ತದೆ ಎಂದು ಒಂದು ದಿನ ಅಮ್ಮನ ಮುಂದೆ ಬಾಯಿಬಿಟ್ಟೆ. ಮರುದಿನ ಕೆಲಸ ಮುಗಿಸಿ ಬಂದು, ಎಂದಿನಂತೆ ದೋಸೆ ಹುಯ್ಯಲು ಅಡುಗೆಮನೆಗೆ ಕಾಲಿಟ್ಟೆನೋ ಇಲ್ಲವೋ, ಅಮ್ಮ ದೋಸೆಯ ಸೌಟು ಹಿಡಿದೇ ಅಡ್ಡ ನಿಂತಳು.

“ಅಡುಪ್ ಹತ್ರ ಬರ್ಬೇಡ ನನ್ ಕಣ್ಣು! ಮೈಯೆಲ್ಲಾ ಆ ವಾಸನೆ. ಪತ್ತಿಕೊಂಡ್ರೆ ಏನ್ ಮಾಡೋದು?”

“ಅದು ಅಲ್ಲೇ ಆವಿಯಾಗಿ ಹೋಗ್ತದಮ್ಮಾ.”

“ನೀ ಸುಮ್ನಿರು. ಏನುಂಗ, ನೀವ್ ಬನ್ನಿ, ದೋಸೆ ಹಾಕಿ” ಎಂದು ಅಪ್ಪನನ್ನು ಕೂಗಿದಳು.

ಅಂದಿನಿಂದ ಅಪ್ಪ ಹುಯ್ಯುತ್ತಾರೆ, ನಾನು ದೂರ ಕೂತು ತಿನ್ನುತ್ತೇನೆ. ಅಮ್ಮನ ಭಯಕ್ಕೆ ಆಧಾರವಿಲ್ಲ ಎಂದು ವಿವರಿಸಿ ಹೇಳಬೇಕಾದದ್ದು ನನ್ನ ಧರ್ಮ. ಚಟ್ನಿ ಮುಗಿಯಲಿ, ಹೇಳೋಣ ಎಂದುಕೊಂಡು ಪ್ರತಿದಿನ ಸುಮ್ಮನಾಗುತ್ತೇನೆ.

೩. ಆಯುಧಪೂಜೆ

ಆಯುಧಪೂಜೆಯ ದಿನ ನಮ್ಮ ಕಡೆ ಮಗ್ಗ, ಲೇತು, ಬಸ್ಸು, ಯಾವುದಕ್ಕೂ ಗಂಧ ಕುಂಕುಮ ತಪ್ಪುವುದಿಲ್ಲ. ಲ್ಯಾಬಿಗೂ ತಪ್ಪುವುದಿಲ್ಲ. ಅಸಿಟೋನಿಗೆ ಹೆದರಿ ದೀಪ, ಕರ್ಪೂರ ಮಾತ್ರ ಹೊರಗೆ, ವರಾಂಡದಲ್ಲಿ.

ಹೋದ ಸಲ ನನ್ನ ಜೀವವೆಲ್ಲ ಒಂದು ಪುಟ್ಟ ಡಬ್ಬಿಯಲ್ಲಿತ್ತು. ಅದರಲ್ಲಿದ್ದದ್ದು ಕೊನೆಯ ತುಂಡು. ಹಬ್ಬ ಮುಗಿದೊಡನೆ ಅದಕ್ಕೆ ಬೇರೊಂದು ಕಾಲೇಜಿನ ಯಂತ್ರದಲ್ಲಿ ಲೋಹದ ಲೇಪ ಹಾಕಿಸಬೇಕಿತ್ತು. ಅದಕ್ಕೂ ಮುಂಚಿನವನ್ನೆಲ್ಲ ಆ ಯಂತ್ರ ಕೆಡಿಸಿ ಕೊಟ್ಟಿತ್ತು. “ಇದೂ ಹೋದ್ರೆ ಪ್ರಾಜೆಕ್ಟ್ ಹೋಯ್ತು, ನಿನ್ನ ಕೆಲಸಾನೂ ಹೋಯ್ತು” ಎಂದಿದ್ದರು ಸರ್. ತೊಳೆದ ತುಂಡಿನ ಮೇಲೆ ಒಂದೇ ಒಂದು ಚುಕ್ಕೆ ಕಂಡರೂ ಅವರು ಮನುಷ್ಯರಾಗಿ ಉಳಿಯುತ್ತಿರಲಿಲ್ಲ.

ಲ್ಯಾಬ್ ಗುಡಿಸುವ ಅಕ್ಕ ಕುಂಕುಮದ ಬಟ್ಟಲು ಹಿಡಿದು ಹೊರಟಾಗ ನಾನು ಹಿಂದೆಯೇ ಓಡಿದೆ. “ಅಕ್ಕಾ, ಆ ಡಬ್ಬಿ ಮುಟ್ಟಬೇಡಿ, ನಿಮ್ಮ ದಮ್ಮಯ್ಯ!”

“ಡಬ್ಬಿ ಯಾಕಮ್ಮಾ ನನಗೆ?” ಎಂದು ಆಕೆ ಮುಖ ಊದಿಸಿಕೊಂಡರು.

ಪೂಜೆಯಾಯಿತು. ಪುರಿ, ಕಡಲೆಯ ಸುಂಡಲ್ ತಿಂದು ಬಂದು ನೋಡುತ್ತೇನೆ, ಡಬ್ಬಿಯ ಮುಚ್ಚಳ ತೆರೆದಿದೆ. ಹೊಳೆಯುವ ತುಂಡಿನ ನಟ್ಟನಡುವೆ ಗಂಧ, ಅದರ ಮೇಲೆ ಕೆಂಪಗೆ ಕುಂಕುಮ! ಅಕ್ಕನನ್ನು ಹಿಡಿದು ಕೇಳಿದೆ. ಅಕ್ಕ ಮಾರಿಯಮ್ಮನ ಮೇಲೆ ಆಣೆ ಇಟ್ಟು, ತಾನಲ್ಲ ಎಂದರು. ನಾನು ನಂಬಲಿಲ್ಲ. ತೊಳೆದು ಮುಚ್ಚಿಹಾಕೋಣವೆಂದರೆ, ಗೀರು ಬಿದ್ದಿದ್ದರೆ ಸೂಕ್ಷ್ಮದರ್ಶಕ ಬಿಡುತ್ತದೆಯೇ? ಡಬ್ಬಿಯನ್ನು ಸರ್ ಮೇಜಿನ ಮೇಲಿಟ್ಟೆ.

“ಸರ್, ಅಕ್ಕ ತಿಳಿಯದೆ...”

ಸರ್ ಎದ್ದು ಬಾಗಿಲು ಮುಚ್ಚಿದರು. ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

“ಅಕ್ಕನನ್ನ ಬೈಬೇಡಮ್ಮ” ಎಂದರು ಮೆಲ್ಲಗೆ. “ನಾನೇ ಇಟ್ಟೆ. ಆ ಯಂತ್ರ ನೆನೆಸಿಕೊಂಡ್ರೆ ನನಗೂ ಭಯ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಇದು ಹೀಗೇ ಹೋದ್ರೆ ಯಂತ್ರದವರು ಒಳಗೇ ಸೇರಿಸಲ್ಲ ಸರ್” ಎಂದೆ. “ಗೊತ್ತು, ಗೊತ್ತು, ತೊಳಿ” ಎಂದರು.

ಅಸಿಟೋನ್, ಆಲ್ಕೋಹಾಲ್, ನೀರು, ಗಾಳಿ. ನನ್ನ ಜನ್ಮದಲ್ಲೇ ಅಷ್ಟು ಭಕ್ತಿಯಿಂದ ತೊಳೆದಿರಲಿಲ್ಲ. ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆ ಮೂಲೆ, ಈ ಮೂಲೆ ಹುಡುಕಿದರು. ಗೀರಿಲ್ಲ, ಕಲೆಯಿಲ್ಲ. ತಲೆಯೆತ್ತಿದಾಗ ಅವರ ಮುಖ ಇನ್ನಷ್ಟು ಬಾಡಿತ್ತು.

“ಒಂದೇ ಒಂದು ಚುಕ್ಕೆ ಕೂಡ ಉಳಿಸಲಿಲ್ವೇನಮ್ಮಾ?”