ಅಪ್‌ಡೇಟ್ ನಿಂತ ಕಂಪ್ಯೂಟರುಗಳ ಸಹವಾಸ

ಹಳೇ ಕಂಪ್ಯೂಟರ್ ಇಟ್ಟುಕೊಂಡವರ ಅಂಗಡಿಗೆ ಹೋಗಿ ನಗದೆ ವಾಪಸ್ ಬಂದ ದಿನ ನನಗೆ ನೆನಪಿಲ್ಲ. ನಗುವುದು ಮಾತ್ರ ಬೈಕು ಹತ್ತಿದ ಮೇಲೆ. ಅವರೆದುರೇ ನಕ್ಕರೆ ಮುಂದಿನ ಸಲ ಬೇರೆಯವರನ್ನು ಕರೆಯುತ್ತಾರೆ.

ಸಿಂಧನೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮಸ್ಕಿ, ಲಿಂಗಸುಗೂರಿಗೂ ಹೋಗಿ ಬರುತ್ತೇನೆ. ಈ ಕಡೆ ಇನ್ನೂ ಓಬೀರಾಯನ ಕಾಲದ ವಿಂಡೋಸ್ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಹಳೆಯದಕ್ಕೆ ಅಪ್‌ಡೇಟ್ ಬರುವುದು ನಿಂತು ಎಷ್ಟೋ ಕಾಲವಾಯಿತು. ಅಂದರೆ, ಒಳಗೆ ನುಗ್ಗಲು ಕಳ್ಳರಿಗೆ ಹೊಸದೊಂದು ದಾರಿ ಸಿಕ್ಕರೆ ಅದನ್ನು ಮುಚ್ಚುವವರು ಯಾರೂ ಇಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಅದರಲ್ಲೂ ಲಿಂಗಸುಗೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಬಗ್ಗೆ ನಿಜವಾಗಿ ಹೆದರಿಕೆ ಇತ್ತು. ಸುತ್ತಲಿನ ಊರುಗಳ ಮದುವೆ ಕಾರ್ಡುಗಳೆಲ್ಲ ಅದೊಂದೇ ಹಳೇ ಕಂಪ್ಯೂಟರಿನಲ್ಲಿದ್ದವು. ಆ ಕಥೆ ಕೊನೆಗೆ ಹೇಳುತ್ತೇನೆ.

ಗ್ರಾಹಕರ ಗಮನಕ್ಕೆ

ಸಿಂಧನೂರಿನದೇ ಒಂದು ಬೀಜ, ಗೊಬ್ಬರದ ಅಂಗಡಿ. ಮಾಲೀಕರು ಊಟಕ್ಕೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಗೊರೇಬಾಳದ ರೈತರೊಬ್ಬರು ಕೂತು ತಮ್ಮ ರಸೀದಿಯನ್ನು ತಾವೇ ಪ್ರಿಂಟ್ ತೆಗೆಯುತ್ತಿದ್ದರು.

"ಪಾಸ್‌ವರ್ಡ್ ನಿಮಗ ಹೆಂಗ ಗೊತ್ತು?" ಅಂದೆ.

"ಯಾರಿಗೆ ಗೊತ್ತಿಲ್ರೀ? ಸಾಹುಕಾರರ ಮಗಳ ಹೆಸರು."

ಮಾಲೀಕರು ಬಂದ ಮೇಲೆ ಸ್ವಲ್ಪ ಬಿರುಸಾಗಿಯೇ ಹೇಳಿದೆ. "ಕಂಪ್ಯೂಟರ್ ಮೊದಲ ಹಳೇದು. ಪಾಸ್‌ವರ್ಡ್ ಆದ್ರೂ ಗಟ್ಟಿ ಇರ್ಲಿ ಸಾಹುಕಾರ್ರ." ಅವರು ಒಪ್ಪಿ ನನ್ನೆದುರೇ ಬದಲಾಯಿಸಿದರು.

ವಾರ ಬಿಟ್ಟು ಹೋದರೆ ಗೋಡೆಗೆ ಹೊಸ ಬೋರ್ಡು. ‘ಗ್ರಾಹಕರ ಗಮನಕ್ಕೆ: ಕಂಪ್ಯೂಟರ್ ಪಾಸ್‌ವರ್ಡ್ ಬದಲಾಗಿದೆ.’ ಕೆಳಗೆ ದಪ್ಪ ಅಕ್ಷರದಲ್ಲಿ ಹೊಸ ಪಾಸ್‌ವರ್ಡ್.

"ಇದೇನ್ರೀ ಇದು?"

"ಮತ್ತ ದೂರದಿಂದ ಬಂದ ಗಿರಾಕಿ ತ್ರಾಸ್ ಪಡಬಾರದು ನೋಡ್ರಿ. ಬಳಗಾನೂರಿನವರಿಗೆ ಫೋನ್ ಮಾಡಿನೂ ಹೇಳೀನಿ."

ಮೂಲೆಯ ಫೋಟೋ

ಮಸ್ಕಿಯ ಫೋಟೋ ಸ್ಟುಡಿಯೋದವರು ನನ್ನನ್ನು ಭಾಯ್ ಎಂದೇ ಕರೆಯುವುದು, ನಾನೂ ಅವರನ್ನು ಹಾಗೆಯೇ. ಅವರ ಕಂಪ್ಯೂಟರಿನ ಬಲಗಡೆ ಕೆಳಮೂಲೆಯಲ್ಲಿ ದಿನಕ್ಕೆ ನಾಲ್ಕು ಸಲ ಒಂದು ಎಚ್ಚರಿಕೆ ಬರುತ್ತಿತ್ತು: ಈ ಕಂಪ್ಯೂಟರಿಗೆ ರಕ್ಷಣೆ ಇಲ್ಲ, ಬದಲಾಯಿಸಿ.

"ಅದನ್ನ ಓದಿ ಏನಾರ ಮಾಡ್ರಿ ಭಾಯ್" ಅಂತ ಹೇಳಿ ಬಂದಿದ್ದೆ. ಮುಂದಿನ ಸಲ ಕೇಳಿದೆ, "ಈಗೂ ಬರ್ತೈತೇನು?"

"ಇಲ್ಲ ಭಾಯ್, ಬಂದೋಬಸ್ತ್ ಮಾಡೀನಿ."

ನೋಡಿದರೆ, ಪರದೆಯ ಆ ಮೂಲೆಗೆ ಸರಿಯಾಗಿ ಒಂದು ದೊಡ್ಡ ಫೋಟೋ ಅಂಟಿಸಿದ್ದರು. ಬಿಳಿ ಗಡ್ಡದ, ಗಂಭೀರ ಮುಖದ ಹಿರಿಯರು.

"ಯಾರ್ರೀ ಇವರು?"

"ನಮ್ಮ ಮಾವನವರು. ಇವರೂ ದಿನಾ ನಾಕು ಸಲ ಏನಾರ ಹೇಳ್ತಾರ ಭಾಯ್, ಮನ್ಯಾಗ ಯಾರೂ ಕೇಳಂಗಿಲ್ಲ."

ಹಿರಿಯರ ಸಾಲು

ಇನ್ನು ಲಿಂಗಸುಗೂರಿನ ಪ್ರೆಸ್ಸು. ಅಲ್ಲಿನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ, ಹಾಗಾಗಿ ಮಾಲೀಕರು ಹಳೆಯದನ್ನು ಬಿಡುವಂತಿರಲಿಲ್ಲ. "ಇಂಟರ್‌ನೆಟ್ ವೈರ್ ಆದ್ರೂ ಕಿತ್ತುಬಿಡ್ರಿ" ಅಂದಿದ್ದೆ. ಕಿತ್ತಿದ್ದರು. ಒಂದು ದಿನ ಗಿರಾಕಿಯೊಬ್ಬರು ಮುಹೂರ್ತ ಕೇಳಿದರೆಂದು, ಪಂಚಾಂಗ ನೋಡಲು ಒಂದೇ ಗಳಿಗೆ ಮತ್ತೆ ಚುಚ್ಚಿದರು.

ಮರುದಿನ ಬೆಳಿಗ್ಗೆ ಫೋನ್. "ಲಗೂನ ಬರ್ರಿ. ಎಲ್ಲಾ ಫೈಲಿಗೂ ಯಾರೋ ಕೀಲಿ ಹಾಕ್ಯಾರ. ರೊಕ್ಕ ಕೊಟ್ರ ತೆಗಿತೀವಂತ ಇಂಗ್ಲಿಷ್‌ನ್ಯಾಗ ಬೆದರಿಕಿ ಬರದಾರ."

ಹೋದಾಗ ಗುರುಗುಂಟಾದ ಒಬ್ಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮಗಳ ಮದುವೆಗೆ ಇನ್ನು ಇಪ್ಪತ್ತು ದಿನ. ಕಾರ್ಡಿನ ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಹಿರಿಯರ ಹೆಸರು ಬರುತ್ತವಲ್ಲ, ಅದರಲ್ಲಿ ಮೊದಲು ಯಾರು ಎಂದು ಹುಡುಗಿಯ ಇಬ್ಬರು ದೊಡ್ಡಪ್ಪಂದಿರಿಗೆ ಜಗಳ. ಒಬ್ಬರು ವಯಸ್ಸಿನಲ್ಲಿ ಹಿರಿಯರು, ಇನ್ನೊಬ್ಬರು ಮನೆತನದ ಹಿರಿಯ ಕವಲಾದ ಹಿರೇಮನೆಯವರು. ಐದು ಪ್ರೂಫ್ ತೆಗೆದು ಹಿಂದಿನ ಸಂಜೆ ಹೇಗೋ ಒಪ್ಪಂದವಾಗಿತ್ತು. ಆ ಖುಷಿಗೆ ಮಿರ್ಚಿ ಭಜಿ ತರಿಸಿ, ಒಪ್ಪಿದ ಪ್ರೂಫಿನ ಮೇಲೇ ಹಾಕಿಕೊಂಡು ತಿಂದು ಎಸೆದಿದ್ದರು. ಈಗ ಫೈಲೂ ಇಲ್ಲ, ಕಾಗದವೂ ಇಲ್ಲ. ಐದರಲ್ಲಿ ಕೊನೆಯದು ಯಾವುದೆಂದು ಪ್ರೆಸ್ಸಿನವರಿಗೂ ನೆನಪಿಲ್ಲ, ಹುಡುಗಿಯ ತಂದೆಗೂ ನೆನಪಿಲ್ಲ. ಇಬ್ಬರಲ್ಲಿ ಒಬ್ಬರು ಮುನಿದರೂ ಅರ್ಧ ನೆಂಟರು ಮದುವೆಗೆ ಬರುವುದಿಲ್ಲ. ಹುಡುಗಿಯ ತಂದೆಯನ್ನು ನೋಡಿ ಪಾಪ ಅನ್ನಿಸಿತು.

"ಬ್ಯಾಕಪ್ ಇಟ್ಟೀರೇನ್ರೀ?" ಎಂದು ಪ್ರೆಸ್ಸಿನವರನ್ನು ಕೇಳಿದೆ.

"ಇಟ್ಟೀನಲ್ಲ!"

ಇಟ್ಟಿದ್ದರು, ಅದೇ ಕಂಪ್ಯೂಟರಿನ ಪಕ್ಕದ ಫೋಲ್ಡರಿನಲ್ಲಿ. ಅದಕ್ಕೂ ಕೀಲಿ ಬಿದ್ದಿತ್ತು.

ಆ ಕೀಲಿ ತೆಗೆಯುವ ದಾರಿ ಇರಲಿಲ್ಲ; ಎಲ್ಲವನ್ನೂ ಅಳಿಸಿ ಅದೇ ಹಳೇ ವಿಂಡೋಸನ್ನು ಮತ್ತೆ ಹಾಕಿದೆ. ಅಷ್ಟರಲ್ಲಿ ದೊಡ್ಡಪ್ಪಂದಿರು ಇಬ್ಬರೂ ಬಂದರು. ನಿನ್ನೆ ಒಪ್ಪಿದ್ದು ನನ್ನ ಹೆಸರೇ ಮೊದಲು ಎಂದು ಇಬ್ಬರದೂ ಒಂದೇ ಹಟ. ದನಿ ಏರಿತು. ನಡುವೆ ಹಿರೇಮನೆಯವರು ನನ್ನ ಕಡೆ ತಿರುಗಿ, "ಈಗರ ಗಟ್ಟಿ ಆತೇನು ಇದು?" ಅಂದರು.

"ಇಲ್ರೀ ಯಜಮಾನ್ರ. ಬಾಗಿಲು ಹಂಗ ತೆರದೈತಿ. ನಾಳೆ ಇನ್ನೊಬ್ಬ ಕಳ್ಳ ಬಂದ್ರೂ ಬರಬಹುದು."

"ಬಂದ್ರ ಮೊದಲು ಯಾರ ಹೆಸರಿಗೆ ಕೈ ಹಾಕ್ತಾನ?"

ನಾನು ವೈರು ಸುತ್ತುತ್ತಿದ್ದೆ. ಯೋಚಿಸದೆ, "ಮ್ಯಾಲಿನಿಂದ ಶುರು ಮಾಡ್ತಾನ್ರೀ" ಅಂದುಬಿಟ್ಟೆ.

ಇಬ್ಬರೂ ಒಮ್ಮೆ ಪರದೆಯ ಕಡೆ ನೋಡಿದರು. ವಯಸ್ಸಿನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಏನ ಅನ್ರಿ, ಹಿರೇಮನಿ ಅಂದ್ರ ಹಿರೇಮನಿ. ನಮ್ಮ ತಮ್ಮಂದ ಮೊದಲು ಬರೀರಿ" ಅಂದರು.

"ಛೆ ಛೆ! ವಯಸ್ಸಿಗೆ ಮರ್ಯಾದಿ ಕೊಡಬೇಕು ಅಣ್ಣ. ನಿಮ್ಮದ ಮೊದಲು ಇರ್ಲಿ."

"ಬ್ಯಾಡಪಾ, ನನಗ್ಯಾಕ ಅಷ್ಟು ದೊಡ್ಡಸ್ತಿಕಿ?"

ಈ ಜಗಳ ಮೊದಲಿನದಕ್ಕಿಂತ ಜೋರಾಯಿತು. ಅರ್ಧ ಗಂಟೆ ಕೇಳಿದ ಹುಡುಗಿಯ ತಂದೆ ಮೆಲ್ಲಗೆ ನನ್ನ ಹತ್ತಿರ ಬಂದು, "ನಿಮ್ಮ ಹೆಸರೇನಂದ್ರಿ?" ಅಂದರು.

ಮದುವೆಗೆ ಹೋದೆ. ಕಾರ್ಡಿನಲ್ಲಿ ಹಿರಿಯರ ಸಾಲಿನ ಮೊದಲ ಹೆಸರೇ ನನ್ನದಾದ ಮೇಲೆ ಹೋಗದೆ ಇರುವುದು ಹೇಗೆ? ದೊಡ್ಡಪ್ಪಂದಿರು ಇಬ್ಬರೂ ತಮ್ಮ ತಮ್ಮ ದಂಡು ಕಟ್ಟಿಕೊಂಡು ಬಂದಿದ್ದರು. ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು, ಮುಂದಿನ ಸಾಲಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡರು. ಗಂಡಿನ ಕಡೆಯವರೊಬ್ಬರು ಕಾರ್ಡು ನೋಡಿ, ನನ್ನ ಕರಿ ತಲೆ ನೋಡಿ, ಅನುಮಾನದಿಂದ ಕೇಳಿದರು, "ತಾವು ಹುಡುಗಿಗೆ ಏನಾಗಬೇಕ್ರೀ?"

ನಾನು ಬಾಯಿ ತೆರೆಯುವ ಮೊದಲೇ ವಯಸ್ಸಿನ ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಮ್ಮೆಲ್ಲರಿಗೂ ಹಿರೇರ್ರೀ ಇವರು. ಏನಾರ ಆದ್ರ ಮೊದಲು ಇವರಿಗೇ ಆಗ್ತೈತಿ."