ಸ್ಟೀಲ್ ಗಿಟಾರಿನ ರಬ್ಬರ್ ಟೋಪಿ

ವಾಷಿಂಗ್ ಮಷೀನಿನ ಹೊಟ್ಟೆ ಬಗೆದು, ಅದರ ಕರುಳನ್ನೆಲ್ಲ ನೆಲದ ಮೇಲೆ ಹರಡಿ, ಮತ್ತೆ ಒಳಗೆ ತುರುಕಿ, ಬೆನ್ನಿಗೊಂದು ಗುದ್ದು ಕೊಟ್ಟು ಓಡಿಸುವ ಗಂಡಸು ನಾನು. ಫ್ಲಾರಿಡಾದ ಈ ಪಲಾಟ್ಕಾ ಊರಿನಲ್ಲಿ ಈ ರೂಫಸ್ಸನ ಕೈ ತಾಗದ ಮಷೀನು ಇಲ್ಲ. ಅಂಥವನಿಗೆ ಹತ್ತು ತಂತಿಯ ಒಂದು ಗಿಟಾರು ಯಾವ ಲೆಕ್ಕ!

"ಒಂದೇ ಒಂದು ವಾರ ಕೊಡು ಲುವೀನಿಯಾ. ಇದನ್ನ ನಿನ್ನ ದನಿಗೆ ತಕ್ಕ ಹಾಗೆ ಪಳಗಿಸಿ ಕೊಡ್ತೀನಿ" ಎಂದು ನನ್ನ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ.

ಅವಳು ನನ್ನನ್ನೂ ಗಿಟಾರನ್ನೂ ಒಮ್ಮೆ ನೋಡಿ, ಹುಬ್ಬೇರಿಸಿ ಒಳಗೆ ಹೋದಳು. ನನ್ನ ಹೆಂಡತಿ ಬೈದರೆ ನಾನು ಹೆದರುವುದಿಲ್ಲ. ಹುಬ್ಬೇರಿಸಿದರೆ ಮಾತ್ರ ಹೆದರುತ್ತೇನೆ.

ವಿಷಯವೂ ಸಣ್ಣದಾಗಿರಲಿಲ್ಲ. ನಮ್ಮ ಚರ್ಚಿನಲ್ಲಿ ಆರ್ಗನ್ ಇಲ್ಲ, ಪಿಯಾನೊ ಇಲ್ಲ. ತಾತಂದಿರ ಕಾಲದಿಂದ, ನಿಂತು ಬೋಧನೆ ಮಾಡುವ ಪ್ರಸಂಗಪೀಠದ ಪಕ್ಕದಲ್ಲಿ ಕೂತಿರುವುದು ಪೆಡಲ್ ಸ್ಟೀಲ್ ಗಿಟಾರು. ಮೇಜಿನಂತೆ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ. ಎಡಗೈಯಲ್ಲಿ ಉಕ್ಕಿನ ದುಂಡನೆಯ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಬಲಗೈ ಬೆರಳಿಗೆ ಲೋಹದ ಉಗುರು ತೊಟ್ಟು ಮೀಟಬೇಕು. ಎಡಪಾದಕ್ಕೆ ಮೂರು ಪೆಡಲು, ಬಲಪಾದಕ್ಕೆ ಸದ್ದು ಏರಿಸುವ ಇನ್ನೊಂದು ಪೆಡಲು. ಇಷ್ಟು ಸಾಲದೆಂದು ಮೊಣಕಾಲುಗಳ ಅಕ್ಕಪಕ್ಕ ನೇತಾಡುವ ಸನ್ನೆಕೋಲುಗಳು. ಮೊಣಕಾಲಿನಿಂದ ಒಂದು ಕೋಲನ್ನು ತಳ್ಳಿದರೆ ತಂತಿ ಬಿಗಿಯಾಗಿ, ದನಿ ಮೇಲೇರಿ, ಗಿಟಾರು ಮನುಷ್ಯರ ಹಾಗೆ ಅಳುತ್ತದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಸಂಗ ಮಾಡುವವರು ಕೂಗಿದರೆ ಸ್ಟೀಲು ಉತ್ತರ ಕೊಡಬೇಕು. ಸ್ಟೀಲು ಕೂಗಿದರೆ ಪ್ರಸಂಗ ಮಾಡುವವರು ಕೂರುವ ಹಾಗಿಲ್ಲ.

ಹಲವು ವರ್ಷ ನಮಗೆ ಸ್ಟೀಲು ನುಡಿಸಿದ ಮುದುಕ ಟಾಲಿವರ್ ತನ್ನ ದೊಡ್ಡ ಗಿಟಾರು ಹೊತ್ತು ಟ್ಯಾಂಪಾದ ಮಗಳ ಮನೆಗೆ ಹೋಗಿಬಿಟ್ಟ. ಅವನ ಕೈಕೆಳಗೆ ಕಲಿತವನು ಊರಿನಲ್ಲಿ ನಾನೊಬ್ಬನೇ. ಸರಿಯಾಗಿ ಅದೇ ಹೊತ್ತಿಗೆ ಬಿಷಪ್ ಮೇಹ್ಯೂ ಬರುವುದಾಗಿ ಹೇಳಿ ಕಳಿಸಿದರು. ಅವರ ಮುಂದೆ ಲುವೀನಿಯಾ ಪ್ರಸಂಗ ಮಾಡಬೇಕು. ಅವರಿಗೆ ಹಿಡಿಸಿದರೆ ಈ ಸಭೆ ಅವಳದು, ಅವಳೇ ನಮ್ಮ ಚರ್ಚಿನ ಪಾದ್ರಿ. ಹಿಡಿಸದಿದ್ದರೆ ಜ್ಯಾಕ್ಸನ್‌ವಿಲ್‌ನಿಂದ ಯಾರನ್ನೋ ಕಳಿಸುತ್ತಾರೆ. ಹುಡುಗಿಯಾಗಿದ್ದಾಗಿನಿಂದ ಆ ಚರ್ಚಿನ ನೆಲ ಗುಡಿಸಿ, ಮಕ್ಕಳಿಗೆ ಪಾಠ ಹೇಳಿ, ಸತ್ತವರ ಮನೆಗೆ ಊಟ ಹೊತ್ತು, ಪೀಠವನ್ನು ಕೆಳಗಿನಿಂದಲೇ ನೋಡಿಕೊಂಡು ಬಂದವಳು ಅವಳು.

ಬಿಷಪ್ಪರ ಬಗ್ಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಒಂದೇ. ಪ್ರಸಂಗ ಹಿಡಿಸದಿದ್ದರೆ ಅವರು ಏನೂ ಹೇಳುವುದಿಲ್ಲ, ಜೇಬಿನಿಂದ ಗಡಿಯಾರ ತೆಗೆದು ನೋಡುತ್ತಾರೆ. ಆ ಗಡಿಯಾರ ಹೊರಬಂದ ಮೇಲೆ ಪೀಠ ಹತ್ತಿದವರು ಯಾರೂ ಇಲ್ಲ.

ನಾನು ಒಕಾಲಾದ ಒಬ್ಬನಿಂದ ಹಳೆಯದೊಂದು ಪುಟ್ಟ ಸ್ಟೀಲ್ ಗಿಟಾರು ತಂದೆ. ಮಡಚಿದರೆ ಸೂಟ್‌ಕೇಸಿನಷ್ಟೇ. ಅದರ ಹಳೆಯ ಯಜಮಾನ ಕೊಕ್ಕರೆಯಂಥ ಮನುಷ್ಯ, ಕಾಲು ನನ್ನ ಎದೆಯವರೆಗೆ. ಆತನ ಕಾಲಿಗೆ ಹೊಂದಿಸಿದ ಸನ್ನೆಕೋಲುಗಳು ನನ್ನ ಗಿಡ್ಡ ಕಾಲಿಗೆ ಸಿಗಲೇ ಇಲ್ಲ. ನಾನು ಎಡಮೊಣಕಾಲನ್ನು ಎಷ್ಟು ಅಗಲಿಸಿದರೂ ಕೋಲು ಇನ್ನೂ ಆಚೆಯೇ ಇತ್ತು.

"ಆ ಮನುಷ್ಯನ್ನ ಕೇಳು, ಹೇಗೆ ಹೊಂದಿಸೋದು ಅಂತ" ಎಂದಳು ಲುವೀನಿಯಾ.

"ಕೇಳೋದೇನಿದೆ? ಇದೂ ಮಷೀನೇ. ತಂತಿ ಇರೋ ವಾಷಿಂಗ್ ಮಷೀನು."

ಊಟದ ಮೇಜಿನ ಮೇಲೆ ಗಿಟಾರನ್ನು ಬೋರಲು ಹಾಕಿ ನೋಡಿದೆ. ನೋಡಿ ಬೆವರಿದೆ. ಕಡ್ಡಿಗಳು, ಸ್ಪ್ರಿಂಗುಗಳು, ಕೊಕ್ಕೆಗಳು, ಒಂದರ ಕತ್ತನ್ನು ಇನ್ನೊಂದು ಹಿಡಿದುಕೊಂಡು ಕೂತಿದ್ದವು. ಒಂದನ್ನು ಸಡಿಲಿಸಿದರೆ ಮೂರು ತಂತಿ ಅಪಸ್ವರ. ಆ ಮೂರನ್ನು ಸರಿಮಾಡಿದರೆ ನಾಲ್ಕನೆಯದು ಟಪ್ಪೆಂದು ಹರಿದು ನನ್ನ ಹುಬ್ಬಿಗೆ ಬಾರಿಸಿತು. ಒಂದು ಸ್ಪ್ರಿಂಗು ಹಾರಿ ಲುವೀನಿಯಾಳ ಜೋಳದ ಗಂಜಿಯೊಳಗೆ ಬಿತ್ತು. ಅವಳು ಅದನ್ನು ಚಮಚದಿಂದ ಎತ್ತಿ, ತೊಳೆದು, ಒರೆಸಿ, ನನ್ನ ಮುಂದಿಟ್ಟಳು.

"ನಂಗೆ ಭಯ ಆಗ್ತಿದೆ ರೂಫಸ್."

"ಗಿಟಾರು ಕಂಡ್ರಾ?"

"ನಿನ್ನ ಕಂಡ್ರೆ."

ಕೊನೆಗೆ ಶಾಸ್ತ್ರವನ್ನೆಲ್ಲ ಬದಿಗಿಟ್ಟು, ದೊಡ್ಡ ಇಕ್ಕಳ ತಂದು, ಎಡಗಡೆಯ ಕೋಲನ್ನು ಮೊಣಕಾಲಿನ ಕಡೆಗೆ ಬಗ್ಗಿಸಿಬಿಟ್ಟೆ. ಬಗ್ಗಿತು! ಮೊಣಕಾಲಿಗೆ ಒತ್ತಿಕೊಂಡಂತೆ ಬಂದು ನಿಂತಿತು. ಬಗ್ಗಿಸುವ ರಭಸಕ್ಕೆ ಕೋಲಿನ ತುದಿಯ ಸ್ಕ್ರೂ ಮೇಲಿದ್ದ ರಬ್ಬರ್ ಟೋಪಿ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಹೆಬ್ಬೆರಳ ಉಗುರಿನಷ್ಟಿದ್ದ ಟೋಪಿ. ನಾನು ಫ್ರಿಜ್ಜು ಸರಿಸಲು ಹೋಗಲಿಲ್ಲ.

"ಸ್ಕ್ರೂ ಚೂಪಾಗಿದೆ. ಒಂದು ಸುತ್ತು ಟೇಪಾದ್ರೂ ಹಾಕು" ಎಂದಳು.

"ಟೋಪಿ ಇಲ್ದಿದ್ರೆ ಗಿಟಾರಿಗೆ ನೆಗಡಿ ಆಗುತ್ತಾ?"

ಅವಳು ಮತ್ತೆ ಹುಬ್ಬೇರಿಸಿ ಒಳಗೆ ಹೋದಳು.

ವಾರವಿಡೀ ಅಭ್ಯಾಸ ಮಾಡಿದೆ. ಅವಳು ಪಾತ್ರೆ ತೊಳೆಯುತ್ತಾ ಪ್ರಸಂಗವನ್ನು ಗೊಣಗುತ್ತಿದ್ದಳು, ನಾನು ಹಜಾರದಲ್ಲಿ ಕೂತು ಅವಳ ದನಿಯನ್ನು ಹಿಂಬಾಲಿಸುತ್ತಿದ್ದೆ. ನುಡಿತ ಚೆನ್ನಾಗಿಯೇ ಬಂತು. ನಮ್ಮೂರಿನ ಸೆಖೆಗೆ ನಾನು ಅಭ್ಯಾಸಕ್ಕೆ ಕೂರುತ್ತಿದ್ದುದು ಚಡ್ಡಿಯಲ್ಲಿ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಬರಿಯ ಮೊಣಕಾಲು, ಬರಿಯ ಸ್ಕ್ರೂ, ಇಬ್ಬರ ನಡುವೆ ಯಾವ ತಕರಾರೂ ಇರಲಿಲ್ಲ.

ಭಾನುವಾರ ಲುವೀನಿಯಾ ನನಗೊಂದು ಹೊಸ ಕಂದು ಸೂಟು ಕೊಟ್ಟಳು. ಅದರ ಪ್ಯಾಂಟು ಎಷ್ಟು ಅಗಲವೆಂದರೆ ಒಂದು ಕಾಲಿನೊಳಗೆ ನಾನೂ ನನ್ನ ತಮ್ಮನೂ ನಿಲ್ಲಬಹುದಿತ್ತು. ಅವಳು ಬಿಳಿ ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು, ಗುಂಡಿಗಳನ್ನೆಲ್ಲ ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಒಂದು ಗುಂಡಿ ತಪ್ಪಿಸಿದ್ದನ್ನೂ ನಾನು ನೋಡಿರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಇವಳ ಈ ಒಂದು ದಿನವನ್ನು ನಾನೇ ಕೆಡಿಸಿಬಿಟ್ಟರೆ?  ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಟ್ಟೆ.

ಚರ್ಚು ತುಂಬಿತ್ತು. ಬಿಷಪ್ ಮುಂದಿನ ಸಾಲಿನಲ್ಲಿ ಕೋಲೂರಿ ಕೂತಿದ್ದರು. ಅವರ ಕೋಟಿನ ಜೇಬಿನಿಂದ ಗಡಿಯಾರದ ಸರಪಳಿ ಇಣುಕುತ್ತಿತ್ತು. ನಾನು ದೇವರನ್ನು ನೋಡಬೇಕಾದವನು ಆ ಸರಪಳಿಯನ್ನೇ ನೋಡುತ್ತಿದ್ದೆ.

ಲುವೀನಿಯಾ ಆರಿಸಿಕೊಂಡ ವಿಷಯ "ಎದ್ದು ನಿಲ್ಲುವುದು". ಮೆಲ್ಲಗೆ ಶುರುಮಾಡಿದಳು.

"ಕೂತು ಕೂತು ನಿಮ್ಮ ಕಾಲು ಜೋಮು ಹಿಡಿದಿದೆ ಅಂತ ನಂಗೊತ್ತು. ನಂದೂ ಹಿಡಿದಿತ್ತು."

"ಹೇಳು ತಾಯಿ!" ಎಂದಿತು ಸಭೆ.

ನಾನು ಅವಳ ಮಾತಿನ ಬಾಲ ಹಿಡಿದು ಮೀಟಿದೆ. ಗಿಟಾರು ಮಗುವಿನಂತೆ ಮಾತು ಕೇಳಿತು. "ಸೋತವರು ಏಳಬಹುದು" ಎಂದಳು, ಗಿಟಾರಿನ ದನಿಯನ್ನು ಒಂದು ಮೆಟ್ಟಿಲು ಹತ್ತಿಸಿದೆ. "ಬಿದ್ದವರು ಏಳಬಹುದು" ಎಂದಳು, ಇನ್ನೊಂದು ಹತ್ತಿಸಿದೆ. ಆಮೇಲೆ ಅವಳು ಸುಮ್ಮನಾದಳು. ಸುಮ್ಮನೇ ಇದ್ದಳು. ಆಹಾ, ಎಂಥ ಗಾಂಭೀರ್ಯ ಎಂದುಕೊಂಡು ನಾನು ಮೊಣಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

ಮೊಣಕಾಲು ಬಂತು. ಪ್ಯಾಂಟು ಬರಲಿಲ್ಲ.

ಬಗ್ಗಿ ನೋಡಿದೆ. ಟೋಪಿಯಿಲ್ಲದ ಆ ಸ್ಕ್ರೂ ನನ್ನ ಹೊಸ ಪ್ಯಾಂಟನ್ನು ಚುಚ್ಚಿ ಆಚೆ ಬಂದು, ಬಟ್ಟೆಯನ್ನು ಸುತ್ತಿಕೊಂಡು ನಗುತ್ತಿತ್ತು.  ಮುಂದಿನ ಸಾಲಿನಲ್ಲಿ ಬಿಷಪ್ಪರ ಕೈ ಮೆಲ್ಲಗೆ ಜೇಬಿನತ್ತ ಹೊರಟಿತ್ತು. ಬಟ್ಟೆ ಸಡಿಲವಾಗಲಿ ಎಂದು ಮೊಣಕಾಲನ್ನು ಎಡಕ್ಕೆ ನೂಕಿದೆ, ಗಾಬರಿಗೆ ಬಲಪಾದ ಸದ್ದಿನ ಪೆಡಲನ್ನು ಪೂರ್ತಿ ತುಳಿಯಿತು. ಇನ್ನೂ ಮಿಡಿಯುತ್ತಿದ್ದ ತಂತಿ ಬಿಗಿದು, ಏರಿ, ಚರ್ಚಿನ ಮಾಡು ಹಾರಿಹೋಗುವಂತೆ ಗೋಳಿಟ್ಟಿತು.

"ಹಲ್ಲೆಲೂಯ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಎದ್ದರು.

ಲುವೀನಿಯಾ ನನ್ನತ್ತ ತಿರುಗಿದಳು. ಆ ನೋಟ ನನಗೆ ಗೊತ್ತು, ಗಂಜಿಯಲ್ಲಿ ಸ್ಪ್ರಿಂಗು ಬಿದ್ದಾಗಲೂ ಇದೇ ನೋಟ. ಆದರೆ ಸ್ಟೀಲು ಕೂಗಿದ ಮೇಲೆ ಸುಮ್ಮನಿರುವಂತಿಲ್ಲವಲ್ಲ. ಉಸಿರೆಳೆದುಕೊಂಡು ಗುಡುಗಿದಳು. "ಹಿಡಿದಿಟ್ಟವರ ಕೈಯಿಂದಲೂ ಏಳಬಹುದು!"

ಬಿಷಪ್ಪರ ಕೈ ಜೇಬಿನಿಂದ ಬರಿದಾಗಿ ಹೊರಬಂತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಪ್ರಸಂಗ ಮುಗಿಸಲು ದನಿ ಇಳಿಸಿದಳು. ಮುಗಿದರೆ ಎಲ್ಲರೂ ಏಳುತ್ತಾರೆ, ನಾನೂ ಏಳಬೇಕು, ಎದ್ದರೆ ಗಿಟಾರೂ ನನ್ನ ಜೊತೆಗೆ ಏಳುತ್ತದೆ! ಬಲಗೈ ಕೆಳಗಿಳಿಸಿ ಬಟ್ಟೆ ಬಿಡಿಸಲು ಹೋದೆ. ಬೆರಳಿಗೆ ತೊಟ್ಟ ಲೋಹದ ಉಗುರು ಬಟ್ಟೆ ಹಿಡಿಯಲಿಲ್ಲ, ದಾರಿಯಲ್ಲಿದ್ದ ಹತ್ತೂ ತಂತಿಗಳನ್ನು ಒಟ್ಟಿಗೆ ಕೆರೆಯಿತು. ಸಭೆ ಮತ್ತೆ ಎದ್ದಿತು. ಲುವೀನಿಯಾ ಮತ್ತೆ ಶುರುಮಾಡಿದಳು. ಇನ್ನೊಮ್ಮೆ ಅವಳು ಮುಗಿಸಲು "ಆಮೆನ್" ಎನ್ನುವಷ್ಟರಲ್ಲಿ ನಾನು ಎಡಗೈಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಇಟ್ಟು ಆ ಕೈಯನ್ನು ಕೆಳಗಿಳಿಸಿದೆ. ಇಟ್ಟ ತುಂಡು ಉರುಳಿಕೊಂಡು ಹೊರಟಿತು. ಅದು ಹೊರಡಿಸಿದ ಕೂಗನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಹೆಂಗಸರು ಕುಣಿದರು. ಕೋಲಿಲ್ಲದೆ ನಡೆಯಲಾರದ ಒಬ್ಬ ಮುದುಕ ನಡುವಿನ ಹಾದಿಯಲ್ಲಿ ಓಡಿದ. ಬಿಷಪ್ ಗಡಿಯಾರವನ್ನು ಹೊರತೆಗೆದರು. ನನ್ನ ಜೀವ ಬಾಯಿಗೆ ಬಂತು. ಅವರು ಅದನ್ನು ಪಕ್ಕದ ಬೆಂಚಿನ ಮೇಲೆ ಬೋರಲಾಗಿಟ್ಟು, ಎರಡೂ ಕೈಯೆತ್ತಿ ಎದ್ದು ನಿಂತರು.

"ಎಲ್ಲಾ ಏಳಿ" ಎಂದರು.

ಎಲ್ಲರೂ ಎದ್ದರು. "ಎದ್ದು ನಿಲ್ಲುವುದು" ಎಂಬ ಪ್ರಸಂಗಕ್ಕೆ ಏಳದೆ ಕೂತವನು ಇಡೀ ಚರ್ಚಿನಲ್ಲಿ ನಾನೊಬ್ಬನೇ. ಅದೂ ಪ್ರಸಂಗ ಮಾಡಿದವಳ ಗಂಡ! ತಲೆ ತಗ್ಗಿಸಿ ಗಿಟಾರಿನ ಮೇಲೆ ಬಾಗಿಕೊಂಡೆ. ಬೆವರು ತಂತಿಗಳ ಮೇಲೆ ಹನಿಯುತ್ತಿತ್ತು.

"ನೋಡಿ" ಎಂದರು ಬಿಷಪ್. "ಆ ತಮ್ಮ ಹೇಗೆ ಬಾಗಿದಾನೆ ನೋಡಿ. ಅವನ ಮೇಲೆ ದೊಡ್ಡ ಭಾರ ಇಳಿದಿದೆ."

ಲುವೀನಿಯಾ ಪೀಠದಿಂದ ಇಳಿದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಸಭೆ ಪ್ರಾರ್ಥನೆ ಎಂದುಕೊಂಡು ಕಣ್ಣು ಮುಚ್ಚಿತು.

"ಏನಾಗಿದೆ ನಿಂಗೆ?" ಎಂದು ಕಿವಿಯಲ್ಲಿ ಕೇಳಿದಳು.

"ಪ್ಯಾಂಟು ಸಿಕ್ಕಾಕ್ಕೊಂಡಿದೆ."

"ಟೋಪಿ?"

"ಹೂಂ."

"ಅಲ್ಲಾಡ್ಬೇಡ." ಇನ್ನೊಂದು ಕೈಯನ್ನು ನಿಲುವಂಗಿಯ ಮರೆಯಲ್ಲಿ ಕೆಳಗಿಳಿಸಿ ಒಮ್ಮೆ ಜಗ್ಗಿದಳು. ಪರ್ರೆಂದಿತು. ಆ ಸದ್ದು ಮುಚ್ಚಿಹೋಗಲೆಂದು "ಬಿಡುಗಡೆ!" ಎಂದು ಕೂಗಿದಳು. ಸಭೆಯೂ ಕೂಗಿತು. ಬಿಡುಗಡೆಯಾದದ್ದು ತೊಡೆಯಿಂದ ಮೊಣಕಾಲಿನವರೆಗೆ.

ನಮ್ಮಲ್ಲಿ ಹೆಂಗಸರು ಮೈಮರೆತು ಬಿದ್ದಾಗ ಕಾಲು ಮುಚ್ಚಲೆಂದು ಬಿಳಿ ಕೈಗವಸು ತೊಟ್ಟ ಸೇವಕಿಯರು ಬಟ್ಟೆ ಹಿಡಿದು ನಿಂತಿರುತ್ತಾರೆ. ಸಿಸ್ಟರ್ ಓಜೆಲ್ಲಾ ಆ ಕೆಲಸದಲ್ಲಿ ಹಳಬಳು. ನನ್ನ ತೊಡೆ ಕಂಡದ್ದೇ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಬಂದು, ಲೇಸಿನ ಅಂಚಿನ ಬಿಳಿ ಬಟ್ಟೆಯನ್ನು ನನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಟಿದಳು. ಬಿಷಪ್ಪರ ಆಶೀರ್ವಾದವನ್ನು ನಾನು ಲೇಸಿನ ಲಂಗ ಉಟ್ಟು ಪಡೆದೆ.

ಚರ್ಚಿನ ಊಟ ಮುಗಿಸಿ ಮನೆಗೆ ಬಂದೆವು. ಲುವೀನಿಯಾ ಸೂಜಿದಾರ ತಂದು ಪ್ಯಾಂಟು ಹೊಲಿಯುತ್ತಾ ಕೂತಳು. ನಾನು ಎದುರಿಗೆ ಕೂತು ಶಿಕ್ಷೆ ಕಾಯುತ್ತಿದ್ದೆ.

"ಬಿಷಪ್‌ಗೆ ನಿಜ ಹೇಳ್ಬಿಟ್ಟೆ" ಎಂದಳು.

"ಎಷ್ಟು ಹೇಳ್ದೆ?"

"ಟೋಪಿಯಿಂದ ಹಿಡಿದು ಎಲ್ಲಾ. ಸುಳ್ಳು ಹೇಳಿ ಸಭೆ ತಗೊಳ್ಳಲಾ?"

"ಹಂಗಾದ್ರೆ ಹೋಯ್ತಾ?"

"ನಕ್ಕರು. ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ದೇವರು ಬರೋಕೆ ಹರಿದ ಪ್ಯಾಂಟಿನ ದಾರಿನೂ ಸಾಕು ಅಂದ್ರು. ಸಭೆ ನಂದೇ, ರೂಫಸ್."

ನಾನು ಅವಳ ಕೈ ಹಿಡಿದೆ. 

"ಇನ್ನೊಂದು ಹೇಳ್ತೀನಿ" ಎಂದಳು. "ನಾನು ನಡುವೆ ಸುಮ್ಮನಾದೆನಲ್ಲ? ಮರೆತೇಹೋಗಿತ್ತು. ಮುಂದಿನ ಒಂದು ಮಾತೂ ನೆನಪಿರಲಿಲ್ಲ. ಓಡಿಹೋಗೋಣ ಅನ್ನಿಸ್ತು. ಆಗ ಆ ಗಿಟಾರು ಅಳ್ತು ನೋಡು. ನಿನ್ನ ಮುಖ ನೋಡಿದೆ. ನನಗಿಂತ ಹೆದರಿದೋನು ಒಬ್ಬ ಇದಾನಲ್ಲ ಅಂತ ಧೈರ್ಯ ಬಂತು."

ನನ್ನ ಎದೆ ಮತ್ತೆ ಉಬ್ಬತೊಡಗಿತು. ಅದರ ಬುದ್ಧಿಯೇ ಅಷ್ಟು.

"ಮುಂದಿನ ತಿಂಗಳು ಗೇನ್ಸ್‌ವಿಲ್‌ನಲ್ಲಿ ಬಿಷಪ್ಪೇ ಪ್ರಸಂಗ ಮಾಡ್ತಾರಂತೆ" ಎಂದಳು ದಾರ ಕಡಿಯುತ್ತಾ. "ಆ ಗಿಟಾರು ಅಲ್ಲಿಗೆ ಬೇಕಂತೆ. ಏನೂ ರಿಪೇರಿ ಮಾಡ್ದೆ ಹಾಗೇ ಕಳಿಸಿ ಅಂದ್ರು."

"ಹೇಳಲಿಲ್ವಾ ನಾನು, ಒಂದೇ ವಾರದಲ್ಲಿ ಪಳಗಿಸ್ತೀನಿ ಅಂತ? ಯಾವತ್ತು ಹೊರಡಬೇಕು ನಾನು?"

ಲುವೀನಿಯಾ ಹೊಲಿದ ಪ್ಯಾಂಟನ್ನು ನೀಟಾಗಿ ಮಡಚಿ, ಗಿಟಾರಿನ ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿದಳು.

"ನೀನು ಬೇಡ್ವಂತೆ. ಸ್ಟೀಲು ನುಡಿಸೋ ಹುಡುಗ ಅವರ ಹತ್ರಾನೇ ಇದಾನೆ. ಈ ಪ್ಯಾಂಟಿನ ಸೊಂಟದ ಅಳತೆ ಮಾತ್ರ ಕೇಳಿಕೊಂಡ್ರು, ಅವನಿಗೆ ಆಗುತ್ತಾ ಅಂತ."